ಗಲ್ಲಾಪೆಟ್ಟಿಗೆಯೂ ಗೃಹಕೃತ್ಯವೂ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಲ್ಲಿ ಅರ್ಥಕ್ಕೆ ಎರಡನೆಯ ಸ್ಥಾನವಿರುವುದು ಸರ್ವವಿದಿತವು. ಗೃಹಸ್ಥನಿಗೆ ಅದಿಲ್ಲದೆ ಮಿಕ್ಕವುಗಳೊಂದೂ ಸಾಗವು. ಆದರೆ ಅರ್ಥವನ್ನು ಸಂಪಾದಿಸುವುದು ಬೇರೆ; ಸಂಪಾದಿಸಿದ ಅರ್ಥವು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು, ಈಗ ಎಷ್ಟು ಉಳಿದಿದೆ ಎಂಬುದನ್ನು ತಿಳಿದಿರುವುದು ಬೇರೆ. ಮೊದಲನೆಯದನ್ನು ಬಲ್ಲವರು ನಮ್ಮ ಪೇಟೆಬೀದಿಗಳಲ್ಲಿ ಬೇಕಾದಷ್ಟು ಮಂದಿ ಇರುವರು. ಎರಡನೆಯದನ್ನು ಬಲ್ಲವರು ವಿರಳ. ಹಗಲೆಲ್ಲಾ ದುಡಿದು, ರಾತ್ರಿ ಅಂಗಡಿಯ ಬಾಗಿಲು ಹಾಕಿ, ಗಲ್ಲಾಪೆಟ್ಟಿಗೆಯಲ್ಲಿದ್ದುದನ್ನು ಹಿಡಿಹಿಡಿಯಾಗಿ ಜೇಬಿಗೆ ತುಂಬಿಕೊಂಡು ಮನೆಗೆ ಬರುವ ವರ್ತಕನನ್ನು ನೋಡಿ, ಇವನಿಗೇನು ಕಡಿಮೆ ಎಂದು ನೆರೆಹೊರೆಯವರು ಅಂದುಕೊಳ್ಳುವರು. ಅವನೂ ಹಾಗೆಯೇ ಅಂದುಕೊಳ್ಳುವನು. ಕೇಡಿಗೆ ಮೂಲವು ಅಲ್ಲಿಯೇ ಇರುವುದು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನೂ ಸಮಾಸಗಳನ್ನೂ ಹೇಳಿಕೊಟ್ಟ ನಮಗೆ ಅಂಗಡಿಯ ಲೆಕ್ಕದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ನಾವು ಲೆಕ್ಕದ ಮೇಷ್ಟರಲ್ಲ. ಆದರೆ ‘ಲೆಕ್ಕ’ ಎಂಬ ಮಾತಾದರೂ ಬರೆಯುವುದೆಂಬರ್ಥದ ‘ಲಿಖ್’ ಧಾತುವಿನ ಬಳಗಕ್ಕೆ ಸೇರಿದುದು. ಎಂದರೆ, ಬರೆದದ್ದು ಲೆಕ್ಕ. ಬರೆಯದೆ ಇದ್ದದ್ದು ಬರಿಯ ನೆನಪು. ಈ ವ್ಯತ್ಯಾಸವನ್ನು ನಾವು ವ್ಯಾಕರಣದಿಂದ ಕಲಿತುದಲ್ಲ, ನಮ್ಮ ಮನೆಯಲ್ಲಿಯೇ ಕಲಿತೆವು. ಅದನ್ನು ಮೊದಲು ಹೇಳಿ ಮುಂದಕ್ಕೆ ಹೋಗುವೆವು.

ನಮ್ಮ ಅಜ್ಜನವರ ಕಾಲದ ಒಂದು ಕಡತವು ಮನೆಯ ಅಟ್ಟದ ಮೇಲೆ ಬಹುಕಾಲವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಅಂಟಿನೊಡನೆ ಇದ್ದಿಲ ಪುಡಿಯನ್ನು ಬಳಿದು ಕಪ್ಪು ಮಾಡಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದ ಪುಸ್ತಕವದು. ಇಂದು ಕಚೇರಿಗಳಲ್ಲಿ ಕಡತವೆಂದರೆ ಕಾಗದಪತ್ರಗಳ ಕಟ್ಟು. ಹಿಂದೆ ವರ್ತಕನ ಪ್ರಾಣವೇ ಅದಾಗಿದ್ದಿತು. ಅಜ್ಜನವರು ದೀಪ ಹಚ್ಚಿದ ಮೇಲೆ ಆ ದಿನದ ಜಮಾಖರ್ಚನ್ನು ಅದರಲ್ಲಿ ಬರೆಯದೆ ಊಟಕ್ಕೆ ಏಳುತ್ತಿರಲಿಲ್ಲವಂತೆ. ನಮ್ಮ ತೀರ್ಥರೂಪರು ಬಟ್ಟೆಯ ಅಂಗಡಿಯನ್ನು ಬೆಳೆಸಿದರು. ಕಡತವನ್ನು ಮಾತ್ರ ಅಟ್ಟಕ್ಕೆ ಏರಿಸಿದರು. ಅವರಿಗೆ ಅಸಾಧಾರಣವಾದ ನೆನಪಿನ ಶಕ್ತಿ ಇದ್ದಿತು. ಯಾವ ಊರಿನ ಯಾರ ಮಗಳ ಮದುವೆಗೆ ಎಷ್ಟು ಗಜ ಬಟ್ಟೆ ಉದ್ರಿಯಾಗಿ ಹೋಗಿದೆ, ಯಾರು ಎಷ್ಟು ಕೊಟ್ಟಿರುವರು, ಎಷ್ಟು ಬಾಕಿ, ಎಲ್ಲವನ್ನೂ ಬಾಯಲ್ಲಿಯೇ ಹೇಳುತ್ತಿದ್ದರು. ಊರಿನವರು ಅದನ್ನು ಕಂಡು ಬೆರಗಾಗುತ್ತಿದ್ದರು. ೧೯೭೯ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕು ತಿಂಗಳ ಮೇಲೆ ಗೋಡೆ ಹಿಡಿದು ನಡೆಯುವಂತಾದರು. ನೆನಪು ಮಾತ್ರ ಹಿಂದಿರುಗಲಿಲ್ಲ. ಉದ್ರಿ ಕೊಡಬೇಕಾದವರಲ್ಲಿ ಕೆಲವರು ಧರ್ಮಕ್ಕೆ ಅಂಜಿ ತಾವಾಗಿಯೇ ಬಂದು ಕೊಟ್ಟರು, ಹಲವರು ಸುಮ್ಮನಾದರು. ಸಗಟು ವರ್ತಕರ ಪುಸ್ತಕಗಳಲ್ಲಿಯಾದರೋ ನಮ್ಮ ಅಂಗಡಿಯ ಸಾಲವು ಕಾಸು ಕಾಸಿಗೂ ದಾಖಲಾಗಿದ್ದಿತು. ನಮ್ಮಲ್ಲಿ ಬರಹವಿಲ್ಲದೆ ಬರಬೇಕಾದುದು ಹೋಯಿತು. ಅವರಲ್ಲಿ ಬರಹವಿದ್ದುದರಿಂದ ಕೊಡಬೇಕಾದುದು ನಿಂತಿತು. ಮಾತೃಶ್ರೀಯವರ ಬಳೆಗಳು ಮಾರಾಟವಾದುವು. ಮರುವರ್ಷ ಅಂಗಡಿಗೆ ಬೀಗ ಬಿದ್ದಿತು. ಆಗ ನಮಗೆ ಹದಿನಾಲ್ಕು ಹದಿನೈದರ ಪ್ರಾಯ. ನಾವು ವರ್ತಕರಾಗದೆ ಉಪಾಧ್ಯಾಯರಾದುದಕ್ಕೆ ವಿದ್ಯೆಯ ಮೇಲಣ ಪ್ರೀತಿಯೊಂದೇ ಕಾರಣವಲ್ಲವೆಂಬುದನ್ನು ಇಷ್ಟರಿಂದಲೇ ವಾಚಕರು ಊಹಿಸಬಹುದು.

ಲೆಕ್ಕದ ವಿದ್ಯೆಯು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆಂದೇ ಅಧ್ಯಾಯಗಳುಂಟು. ಆಯ, ವ್ಯಯ, ಆಯದಲ್ಲಿ ವ್ಯಯವನ್ನು ಕಳೆದು ಉಳಿಯುವ ನೀವಿ ಎಂದು ಅಲ್ಲಿ ಲೆಕ್ಕದ ಅಂಗಗಳನ್ನು ಹೇಳಿದೆ. ವರ್ಷದ ಲೆಕ್ಕವನ್ನು ಆಷಾಢಮಾಸದಲ್ಲಿ ಒಪ್ಪಿಸತಕ್ಕದ್ದೆಂಬ ನಿಯಮವೂ ಉಂಟು. ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಅವನು ಒಂದೊಂದಾಗಿ ಎಣಿಸಿರುವನು. ಪಾಶ್ಚಾತ್ಯರಲ್ಲಿ ವೆನಿಸ್ ನಗರದ ವರ್ತಕರು ರೂಢಿಯಲ್ಲಿಟ್ಟುಕೊಂಡಿದ್ದ ಇಬ್ಬದಿಯ ಲೆಕ್ಕದ ಕ್ರಮವನ್ನು ಲೂಕಾ ಪಾಚೋಲಿ ಎಂಬ ಸನ್ಯಾಸಿಯು ೧೪೯೪ರಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ವಿವರಿಸಿದನು. ಆ ವರ್ತಕರ ಕೈಗೆ ಬಂದಿದ್ದ ಅಂಕಿಗಳು ನಮ್ಮ ದೇಶದಲ್ಲಿ ಹುಟ್ಟಿ, ಅರಬರ ಮೂಲಕ ಅಲ್ಲಿಗೆ ಹೋದುವು. ಪೀಸಾ ನಗರದ ಲಿಯೊನಾರ್ಡೊ ೧೨೦೨ರಲ್ಲಿಯೇ ಅವುಗಳ ಪ್ರಯೋಜನವನ್ನು ಬರೆದು ತಿಳಿಸಿದ್ದನು. ಸೊನ್ನೆಯನ್ನು ಲೋಕಕ್ಕೆ ಕೊಟ್ಟೆವೆಂದು ಸಭೆಗಳಲ್ಲಿ ಹೆಮ್ಮೆ ಪಡುವ ನಾವು, ಸಂಜೆ ಅಂಗಡಿಯಲ್ಲಿ ಕುಳಿತು ನಾಲ್ಕು ಸಾಲು ಬರೆಯಲು ಬೇಸರಪಡುವುದು ವಿಚಿತ್ರವಲ್ಲವೆ?

ಇನ್ನು ಪ್ರಕೃತ ವಿಷಯ. ಎರಡು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಪೇಟೆಯಲ್ಲಿ ಅವನದೊಂದು ಕಿರಾಣಿ ಅಂಗಡಿ. ನಮಸ್ಕಾರ ಮಾಡಿ ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟರೇ, ವ್ಯಾಪಾರವೇನೋ ಚೆನ್ನಾಗಿಯೇ ಇದೆ. ದುಡ್ಡು ಮಾತ್ರ ಕೈಯಲ್ಲಿ ನಿಲ್ಲುವುದಿಲ್ಲ. ಯಾರ ಕಣ್ಣು ಬಿದ್ದಿತೋ ತಿಳಿಯದು. ಲಕ್ಷ್ಮಿ ನಿಲ್ಲುವುದಕ್ಕೆ ಯಾವುದಾದರೂ ಸ್ತೋತ್ರವಿದ್ದರೆ ತಿಳಿಸಬೇಕು,” ಎಂದನು. ಮುಖ ಬಾಡಿದ್ದಿತು. ಸರಕು ಕೊಡುತ್ತಿದ್ದ ಸಗಟು ವರ್ತಕರೊಬ್ಬರು, ಹಳೆಯ ಬಾಕಿ ತೀರಿಸದೆ ಹೊಸ ಮೂಟೆ ಇಳಿಸುವುದಿಲ್ಲವೆಂದು ಹೇಳಿ ಕಳುಹಿಸಿದ್ದರಂತೆ. “ಸ್ತೋತ್ರವಿದೆಯಪ್ಪ, ಆದರೆ ಅದನ್ನು ನೀನೇ ಬರೆಯಬೇಕು. ನಿನ್ನ ಲೆಕ್ಕದ ಪುಸ್ತಕ ತಂದು ತೋರಿಸು,” ಎಂದೆವು. ಅವನು ತಂದುದು ಮಕ್ಕಳ ಹಳೆಯ ನೋಟುಪುಸ್ತಕದ ಅರ್ಧ ಭಾಗ. ಅದರಲ್ಲಿ ಉದ್ರಿಯವರ ಹೆಸರುಗಳಲ್ಲದೆ ಮತ್ತೇನೂ ಇರಲಿಲ್ಲ.

“ಕಳೆದ ತಿಂಗಳು ಎಷ್ಟು ಲಾಭ ಬಂದಿತು?” ಎಂದು ಕೇಳಿದೆವು. “ಮಾರಾಟ ಮೂರು ಲಕ್ಷ, ಸರಕಿಗೆ ಕೊಟ್ಟದ್ದು ಎರಡು ಲಕ್ಷದ ಇಪ್ಪತ್ತೈದು ಸಾವಿರ. ಎಪ್ಪತ್ತೈದು ಸಾವಿರ ಮಿಕ್ಕಬೇಕು. ಎಲ್ಲಿ ಹೋಯಿತೆಂದು ತಿಳಿಯದು,” ಎಂದನು. ಮುಂದಿನ ಭಾನುವಾರ ಅವನನ್ನೂ ಅವನ ಧರ್ಮಪತ್ನಿಯನ್ನೂ ಕೂರಿಸಿಕೊಂಡು, ಬೀರುವಿನಲ್ಲಿಯೂ ಡಬ್ಬಗಳಲ್ಲಿಯೂ ಸಿಕ್ಕಿದ ಬಿಲ್ಲುಗಳನ್ನೆಲ್ಲಾ ಹರವಿಕೊಂಡು, ಒಂದು ತಿಂಗಳ ಲೆಕ್ಕವನ್ನು ಕಟ್ಟಿದೆವು. ಅದನ್ನು ಇಲ್ಲಿ ಬಿಡಿಸಿ ಹೇಳುವೆವು. ಸಣ್ಣ ವ್ಯಾಪಾರದ ಗುಟ್ಟೆಲ್ಲಾ ಅದರಲ್ಲಿದೆ.

ತಿಂಗಳ ಮೊದಲಲ್ಲಿ ಅಂಗಡಿಯಲ್ಲಿದ್ದ ದಾಸ್ತಾನು, ಕೊಂಡ ಬೆಲೆಗೆ, ೪,೦೦,೦೦೦ ರೂಪಾಯಿ. ಆ ತಿಂಗಳಲ್ಲಿ ಬಂದ ಸರಕು, ಬಿಲ್ಲುಗಳ ಪ್ರಕಾರ, ೨,೭೦,೦೦೦ ರೂಪಾಯಿ. ಅದರಲ್ಲಿ ಹಣ ಕೊಟ್ಟದ್ದು ೨,೨೫,೦೦೦. ಮಿಕ್ಕ ೪೫,೦೦೦ ಬಾಕಿ. ತಿಂಗಳ ಕೊನೆಗೆ ಉಳಿದ ದಾಸ್ತಾನು ೪,೧೫,೦೦೦. ಎಂದರೆ ಮಾರಿಹೋದ ಸರಕಿನ ಅಸಲು ಬೆಲೆಯು, ನಾಲ್ಕು ಲಕ್ಷಕ್ಕೆ ೨,೭೦,೦೦೦ ಕೂಡಿಸಿ ೪,೧೫,೦೦೦ ಕಳೆದರೆ, ೨,೫೫,೦೦೦ ಆಗುವುದು. ಮಾರಾಟ ಮೂರು ಲಕ್ಷವಾದ್ದರಿಂದ ಸರಕಿನ ಮೇಲಣ ಲಾಭ ೪೫,೦೦೦ ಮಾತ್ರ. ಇದು ಒಟ್ಟು ಲಾಭ. ಕೈಗೆ ಸಿಕ್ಕುವ ಲಾಭವಲ್ಲ. ಅಂಗಡಿಯ ಬಾಡಿಗೆ ೮,೦೦೦. ಕೆಲಸದವನ ಸಂಬಳ ೧೦,೦೦೦. ದೀಪದ ಖರ್ಚು ೧,೫೦೦. ಸಾಗಣೆ ಹಮಾಲಿ ೩,೫೦೦. ಚೀಲ ದಾರ ಮೊದಲಾದ ಚಿಲ್ಲರೆ ೧,೦೦೦. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ತಂದ ಎರಡು ಲಕ್ಷ ಕೈಸಾಲದ ಬಡ್ಡಿ ೪,೦೦೦. ಒಟ್ಟು ೨೮,೦೦೦. ಇದನ್ನು ಕಳೆದರೆ ನಿಜವಾದ ಲಾಭ ೧೭,೦೦೦ ರೂಪಾಯಿ. ಮನೆಯ ಖರ್ಚಿಗೆಂದು ಆ ತಿಂಗಳು ಗಲ್ಲಾಪೆಟ್ಟಿಗೆಯಿಂದ ತೆಗೆದದ್ದು ೨೫,೦೦೦. ಆದಕಾರಣ ಆ ಒಂದು ತಿಂಗಳಲ್ಲಿಯೇ ಬಂಡವಾಳದಲ್ಲಿ ಎಂಟು ಸಾವಿರ ಸವೆದುಹೋಯಿತು. ಹೀಗೆಯೇ ನಡೆದರೆ ವರ್ಷಕ್ಕೆ ತೊಂಬತ್ತಾರು ಸಾವಿರ!

ಇದಕ್ಕಿಂತಲೂ ಆಶ್ಚರ್ಯದ ಸಂಗತಿ ಮತ್ತೊಂದುಂಟು. ಮೂರು ಲಕ್ಷದ ಮಾರಾಟದಲ್ಲಿ ೩೫,೦೦೦ ಉದ್ರಿ. ಹಣವಾಗಿ ಬಂದುದು ೨,೬೫,೦೦೦. ಹಳೆಯ ಉದ್ರಿಯ ವಸೂಲಿ ೨೦,೦೦೦. ಒಟ್ಟು ಜಮಾ ೨,೮೫,೦೦೦. ಖರ್ಚು, ಸರಕಿಗೆ ೨,೨೫,೦೦೦, ಅಂಗಡಿಗೆ ೨೮,೦೦೦, ಮನೆಗೆ ೨೫,೦೦೦, ಕೂಡಿ ೨,೭೮,೦೦೦. ಎಂದರೆ ಆ ತಿಂಗಳು ಗಲ್ಲಾಪೆಟ್ಟಿಗೆಯಲ್ಲಿ ಏಳು ಸಾವಿರ ರೂಪಾಯಿ ಹೆಚ್ಚೇ ಆಗಿದ್ದಿತು! ಬಂಡವಾಳವು ಎಂಟು ಸಾವಿರ ಕುಗ್ಗಿತು. ಪೆಟ್ಟಿಗೆಯು ಏಳು ಸಾವಿರ ಹಿಗ್ಗಿತು. ಆ ಹಿಗ್ಗು ಎಲ್ಲಿಂದ ಬಂದಿತು? ಸಗಟು ವರ್ತಕರಿಗೆ ಕೊಡದೆ ಉಳಿಸಿಕೊಂಡ ನಲವತ್ತೈದು ಸಾವಿರದಿಂದ. ನಮ್ಮ ಶಿಷ್ಯನು ಪರರ ಹಣವನ್ನು ತನ್ನದೆಂದು ಭ್ರಮಿಸಿ ತಿಂಗಳು ತಿಂಗಳೂ ಉಣ್ಣುತ್ತಿದ್ದನು. ಮೋಸಮಾಡುವ ಬುದ್ಧಿ ಅವನಲ್ಲಿ ಇರಲಿಲ್ಲ. ಬರೆಯುವ ಅಭ್ಯಾಸವಿರಲಿಲ್ಲ, ಅಷ್ಟೆ. ಲೆಕ್ಕವನ್ನು ನೋಡಿ ಆ ಗೃಹಿಣಿಯು, “ಪೆಟ್ಟಿಗೆ ತುಂಬಿತ್ತಲ್ಲಾ ಎಂದು ನಾವು ಹಬ್ಬಕ್ಕೆ ಸೀರೆ ತೆಗೆದೆವಲ್ಲ ಮೇಷ್ಟರೇ, ಅದು ಸಾಲದ ಸೀರೆಯೆ?” ಎಂದು ಕೇಳಿದರು. ನಮಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಹಾಗಾದರೆ ಮಾಡತಕ್ಕುದೇನು? ಸಣ್ಣ ವರ್ತಕನಿಗೆ ಮೂರು ಪುಸ್ತಕಗಳು ಸಾಕು. ಮೊದಲನೆಯದು ಕಿರ್ದಿ. ಪ್ರತಿದಿನಕ್ಕೆ ಒಂದು ಪುಟ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೊದಲು ಹಿಂದಿನ ದಿನದ ಶಿಲ್ಕನ್ನು ಬರೆದು, ಆ ದಿನ ಬಂದುದನ್ನು ಕೂಡಿಸಿ, ಹೋದುದನ್ನು ಕಳೆದು, ಉಳಿದ ಶಿಲ್ಕನ್ನು ಪೆಟ್ಟಿಗೆಯಲ್ಲಿರುವ ಹಣದೊಂದಿಗೆ ತಾಳೆ ನೋಡತಕ್ಕದ್ದು. ೨೦೧೬ರಲ್ಲಿ ಯುಪಿಐ ಬಂದಮೇಲೆ ಅರ್ಧಕ್ಕರ್ಧ ಹಣವು ಪೆಟ್ಟಿಗೆಯನ್ನು ಮುಟ್ಟದೆಯೇ ಬ್ಯಾಂಕಿಗೆ ಹೋಗುತ್ತಿರುವುದರಿಂದ, ಜಮಾ ಖರ್ಚು ಎರಡರಲ್ಲಿಯೂ ‘ನಗದು’, ‘ಬ್ಯಾಂಕು’ ಎಂದು ಎರಡೆರಡು ಅಂಕಣಗಳಿರಬೇಕು. ನಗದನ್ನು ಪೆಟ್ಟಿಗೆಯೊಂದಿಗೂ ಬ್ಯಾಂಕಿನದನ್ನು ಬ್ಯಾಂಕಿನ ಪಟ್ಟಿಯೊಂದಿಗೂ ತಾಳೆ ನೋಡಬೇಕು. ಎರಡನೆಯದು ಖತಾವಣಿ. ಇದರಲ್ಲಿ ಉದ್ರಿ ಒಯ್ದ ಪ್ರತಿಯೊಬ್ಬನಿಗೂ, ಸರಕು ಕೊಟ್ಟ ಪ್ರತಿಯೊಬ್ಬ ಸಗಟು ವರ್ತಕನಿಗೂ, ಬಾಡಿಗೆ ಸಂಬಳ ಮೊದಲಾದ ಪ್ರತಿಯೊಂದು ಬಾಬಿಗೂ, ಮುಖ್ಯವಾಗಿ ‘ಮನೆ’ ಎಂಬುದಕ್ಕೂ, ಬೇರೆ ಬೇರೆ ಪುಟವಿರತಕ್ಕದ್ದು. ಮೂರನೆಯದು ದಾಸ್ತಾನಿನ ಪುಸ್ತಕ. ಸರಕಾರಿ ಲೆಕ್ಕದ ವರ್ಷವು ಏಪ್ರಿಲ್ ೧ರಿಂದ ಮಾರ್ಚ್ ೩೧ರವರೆಗೆ ಇರುವುದರಿಂದ, ಮಾರ್ಚಿ ಕೊನೆಯ ರಾತ್ರಿ ಅಂಗಡಿಯಲ್ಲಿರುವುದನ್ನೆಲ್ಲಾ ಎಣಿಸಿ ತೂಗಿ ಬರೆಯಬೇಕು. ಬೆಲೆಯನ್ನು ಕೊಂಡ ದರದಲ್ಲಿ ಹಾಕತಕ್ಕದ್ದು; ಪೇಟೆಯ ದರ ಅದಕ್ಕಿಂತ ಇಳಿದಿದ್ದರೆ ಇಳಿದ ದರದಲ್ಲಿ. ಹುಳ ಹಿಡಿದ ಬೇಳೆಯನ್ನು ಒಳ್ಳೆಯ ಬೇಳೆಯ ಬೆಲೆಗೆ ಬರೆದು ಸಂತೋಷಪಡುವವನು ತನ್ನನ್ನು ತಾನೇ ವಂಚಿಸಿಕೊಳ್ಳುವನು.

ಇಬ್ಬದಿಯ ಲೆಕ್ಕವೆಂದು ಹೇಳಿದೆವಷ್ಟೆ. ಅದರ ಸಾರವಿಷ್ಟೆ: ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳುಂಟು; ಒಂದು ಕಡೆ ಬಂದುದು ಮತ್ತೊಂದು ಕಡೆಯಿಂದಲೇ ಬಂದಿರಬೇಕು. ಸಕ್ಕರೆಯ ಮೂಟೆ ಬಂದಿತೆಂದರೆ ಹಣವಾದರೂ ಹೋಗಿರಬೇಕು, ಇಲ್ಲವೆ ಸಾಲವಾದರೂ ಏರಿರಬೇಕು. ಎರಡು ಮುಖಗಳನ್ನೂ ಬರೆದರೆ ಕೊನೆಗೆ ಎರಡು ಬದಿಗಳ ಮೊತ್ತಗಳು ಸಮನಾಗುವುವು. ಸಮನಾಗದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಪುಸ್ತಕವೇ ಕೂಗಿ ಹೇಳುವುದು. ಗಣಕಯಂತ್ರದ ಮೇಲೆ ಲೆಕ್ಕ ಬರೆಯುವವರಿಗೂ ಧರ್ಮವಿದೇ. ಯಂತ್ರವು ಕೂಡಿಸಿ ಕಳೆದು ಕೊಡುವುದೇ ಹೊರತು, ಬರೆಯಲು ಮರೆತುದನ್ನು ನೆನಪಿಸಿ ಕೊಡದು.

ಈ ಪುಸ್ತಕಗಳಿಗಿಂತಲೂ ಮುಖ್ಯವಾದುದು ಒಂದು ಗೋಡೆ. ಅಂಗಡಿಗೂ ಮನೆಗೂ ನಡುವಣ ಗೋಡೆ. ಅಂಗಡಿಯ ಹಣವು ಅಂಗಡಿಯದು. ಯಜಮಾನನು ತಿಂಗಳಿಗೆ ಇಷ್ಟೆಂದು ಸಂಬಳದಂತೆ ಗೊತ್ತುಮಾಡಿಕೊಂಡು ಒಂದನೆಯ ತಾರೀಖು ತೆಗೆದುಕೊಳ್ಳಲಿ, ನಡುನಡುವೆ ಕೈಹಾಕಬಾರದು. ಅಂಗಡಿಯಿಂದ ಮನೆಗೆ ಒಯ್ದ ಎಣ್ಣೆ, ಸೋಪುಗಳನ್ನೂ ಕೊಂಡ ಬೆಲೆಗೆ ಮನೆಯ ಪುಟದಲ್ಲಿ ಬರೆಯತಕ್ಕದ್ದು. ಬ್ಯಾಂಕಿನಲ್ಲಿಯೂ ಅಂಗಡಿಗೆ ಒಂದು ಖಾತೆ, ಸಂಸಾರಕ್ಕೆ ಒಂದು ಖಾತೆ ಇರಬೇಕು. ಇದು ಬರಿಯ ಉಪದೇಶವಲ್ಲವೆಂಬುದನ್ನು ೨೦೨೫ರ ಜುಲೈ ತಿಂಗಳು ತೋರಿಸಿಕೊಟ್ಟಿತು. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ, ವಾಣಿಜ್ಯ ತೆರಿಗೆಗಳ ಇಲಾಖೆಯು ನಮ್ಮ ರಾಜ್ಯದ ಅನೇಕ ಸಣ್ಣ ವರ್ತಕರಿಗೆ ನೋಟೀಸುಗಳನ್ನು ಕಳುಹಿಸಿತು. ಬೆಂಗಳೂರಿನಲ್ಲಿ ಕೆಲವು ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕಾಗದಗಳು ತೂಗಿದುವು. ನೋಟೀಸೇ ಕೊನೆಯ ತೀರ್ಮಾನವಲ್ಲ, ದಾಖಲೆಗಳೊಂದಿಗೆ ಉತ್ತರ ಕೊಡಬಹುದೆಂದು ಇಲಾಖೆಯು ತಿಳಿಸಿತು. ಆದರೆ ದಾಖಲೆ ಇದ್ದವನಿಗೆ ತಾನೆ ಉತ್ತರ? ಭಾವಮೈದುನನು ಹಿಂದಿರುಗಿಸಿದ ಕೈಗಡ, ಚೀಟಿಯ ಹಣ, ಊರಿನ ಅಡಕೆಯ ಹಣ, ಎಲ್ಲವೂ ಮಾರಾಟದ ಹಣದೊಂದಿಗೆ ಒಂದೇ ಖಾತೆಗೆ ಬಂದು ಬಿದ್ದಿದ್ದರೆ, ಇದು ವ್ಯಾಪಾರವಲ್ಲವೆಂದು ಯಾವ ಬಾಯಿಂದ ಹೇಳುವುದು? ನಗದಿಗೆ ಹಿಂದಿರುಗುವುದು ಇದಕ್ಕೆ ಪರಿಹಾರವಲ್ಲ, ಬರೆದಿಡುವುದೇ ಪರಿಹಾರವು.

ತೆರಿಗೆಯ ವಿಷಯದಲ್ಲಿ ಗೃಹಸ್ಥರು ತಿಳಿದಿರಬೇಕಾದುದು ಸ್ವಲ್ಪವೇ. ೨೦೧೭ರ ಜುಲೈ ೧ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ಕ್ರಮದಲ್ಲಿ, ನಮ್ಮ ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವನ ವಾರ್ಷಿಕ ವಹಿವಾಟು ನಲವತ್ತು ಲಕ್ಷವನ್ನು ಮೀರಿದರೆ, ಸೇವೆಯನ್ನು ಒದಗಿಸುವವನದು ಇಪ್ಪತ್ತು ಲಕ್ಷವನ್ನು ಮೀರಿದರೆ, ನೋಂದಣಿ ಮಾಡಿಸತಕ್ಕದ್ದು. ತೆರಿಗೆಯ ಸರಕನ್ನು ಹೊರರಾಜ್ಯಗಳಿಗೆ ಮಾರುವವನಿಗೆ ಈ ಮಿತಿಯ ರಿಯಾಯಿತಿ ಇಲ್ಲ. ಕೇವಲ ತೆರಿಗೆಯಿಲ್ಲದ ಹಣ್ಣು, ತರಕಾರಿ, ಹಾಲು ಮಾರುವವನಿಗೆ ನೋಂದಣಿಯೇ ಬೇಡ. ಆದರೆ ತೆರಿಗೆಯುಳ್ಳ ಸರಕನ್ನೂ ಜೊತೆಗೆ ಮಾರಿದರೆ ಮಿತಿಯ ಲೆಕ್ಕಕ್ಕೆ ಎರಡೂ ಸೇರುವುವು. ನೋಂದಣಿಯಾದ ಸಣ್ಣ ವರ್ತಕನು, ವಹಿವಾಟು ಒಂದೂವರೆ ಕೋಟಿಯ ಒಳಗಿದ್ದರೆ, ನೂರಕ್ಕೆ ಒಂದರಂತೆ ರಾಜಿ ತೆರಿಗೆಯನ್ನು ಆರಿಸಿಕೊಳ್ಳಬಹುದು. ಆಗ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ತಾನು ಸರಕಿನ ಮೇಲೆ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವಂತೆಯೂ ಇಲ್ಲ. ಸಾಮಾನ್ಯ ಕ್ರಮದಲ್ಲಿರುವವನು ಗಿರಾಕಿಯಿಂದ ಪಡೆದ ತೆರಿಗೆಯನ್ನು ತನ್ನದೆಂದು ಎಣಿಸಬಾರದು. ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪವೆಂಬುದೊಂದುಂಟು, ಪರರು ನಂಬಿ ಇರಿಸಿಹೋದ ಹಣವದು. ತೆರಿಗೆಯ ಹಣವು ಅಂಥ ನಿಕ್ಷೇಪವು. ಅದನ್ನು ಅಂದಂದೇ ಬೇರೆಯಾಗಿ ತೆಗೆದಿಡತಕ್ಕದ್ದು. ನೋಂದಣಿಯಾದವನು ಲೆಕ್ಕದ ಪುಸ್ತಕಗಳನ್ನೂ ಬಿಲ್ಲುಗಳನ್ನೂ ವಾರ್ಷಿಕ ವಿವರಣೆಯ ಕಡೆಯ ದಿನದಿಂದ ಎಪ್ಪತ್ತೆರಡು ತಿಂಗಳು, ಎಂದರೆ ಆರು ವರ್ಷ, ಕಾಪಾಡಬೇಕೆಂದು ಕಾನೂನುಂಟು.

ಆದಾಯ ತೆರಿಗೆಯಲ್ಲಿ ಸಣ್ಣ ವರ್ತಕನಿಗೆ ಒಂದು ಸುಲಭದ ದಾರಿಯುಂಟು. ವಹಿವಾಟು ಎರಡು ಕೋಟಿಯ ಒಳಗಿದ್ದರೆ, ನಗದು ಮಾರಾಟದಲ್ಲಿ ನೂರಕ್ಕೆ ಎಂಟು, ಬ್ಯಾಂಕಿನ ಮೂಲಕ ಬಂದುದರಲ್ಲಿ ನೂರಕ್ಕೆ ಆರು ಲಾಭವೆಂದು ಅಂದಾಜಿನಿಂದ ತೋರಿಸಬಹುದು. ಇದನ್ನು ಕೇಳಿ ನಮ್ಮ ಶಿಷ್ಯನು, “ಹಾಗಾದರೆ ಲೆಕ್ಕ ಬರೆಯುವ ತೊಂದರೆಯೇಕೆ?” ಎಂದನು. ತೆರಿಗೆಗೆ ಅಂದಾಜು ಸಾಕು. ಸಂಸಾರಕ್ಕೆ ಅಂದಾಜು ಸಾಲದೆಂದು ಉತ್ತರ ಹೇಳಿದೆವು.

ಇನ್ನು ಉದ್ರಿ. ಉದ್ರಿ ಕೊಡಲೇಬಾರದೆಂದು ಹೇಳುವವರು ಹಳ್ಳಿಯ ಅಂಗಡಿಯನ್ನು ಕಂಡವರಲ್ಲ. ಬೆಳೆ ಬರುವವರೆಗೆ ರೈತನೂ, ಸಂಬಳ ಬರುವವರೆಗೆ ನೌಕರನೂ ಉದ್ರಿಯ ಮೇಲೆಯೇ ಬದುಕಬೇಕಾಗುವುದು. ಆದರೆ ತಾರೀಖು, ಸರಕು, ಮೊತ್ತಗಳನ್ನು ಅಂದೇ ಬರೆದು, ತಿಂಗಳಿಗೊಮ್ಮೆ ಬಾಕಿಯನ್ನು ಓದಿ ಹೇಳಿ, ಒಯ್ದವನಿಂದ ಖತಾವಣಿಯ ಪುಟದಲ್ಲಿಯೇ ರುಜು ಹಾಕಿಸಿಕೊಳ್ಳಬೇಕು. ಇದಕ್ಕೆ ಕಾರಣವುಂಟು. ವಾಯಿದೆಯನ್ನು ಗೊತ್ತುಮಾಡದೆ ಕೊಟ್ಟ ಸರಕಿನ ಬೆಲೆಗೆ ದಾವಾ ಹೂಡಲು, ೧೯೬೩ರ ಕಾಲಮಿತಿ ಅಧಿನಿಯಮದ ಪ್ರಕಾರ, ಸರಕು ಕೊಟ್ಟ ದಿನದಿಂದ ಮೂರು ವರ್ಷ ಮಾತ್ರವೇ ಅವಕಾಶವು. ಆ ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರಹದಲ್ಲಿ ರುಜು ಹಾಕಿದರೆ, ಅಂದಿನಿಂದ ಮೂರು ವರ್ಷ ಹೊಸದಾಗಿ ಆರಂಭವಾಗುವುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು, ಅದಕ್ಕೆ ಹಿಂದಿನ ೧೮೭೨ರ ಕಾನೂನಿನಂತೆಯೇ, ಕ್ರಮವಾಗಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ನ್ಯಾಯಾಲಯವು ನೋಡಬಹುದೆಂದು ಹೇಳುವುದು. ಆದರೆ ಪುಸ್ತಕದ ಬರಹವೊಂದರಿಂದಲೇ ಒಬ್ಬನ ಮೇಲೆ ಹೊಣೆ ಹೊರಿಸಲಾಗದೆಂದೂ ಹೇಳುವುದು. ಆದಕಾರಣ ಬರಹವೂ ಬೇಕು, ರುಜುವೂ ಬೇಕು. ನಮ್ಮ ತೀರ್ಥರೂಪರಿಗೆ ಇವೆರಡೂ ಇರಲಿಲ್ಲ.

ಲೆಕ್ಕವು ಕಳ್ಳರನ್ನು ಹಿಡಿಯುವುದಕ್ಕೆಂದು ಅನೇಕರು ತಿಳಿದಿರುವರು. ಕಿರ್ದಿ ಆರಂಭವಾದ ಮೂರನೆಯ ತಿಂಗಳಲ್ಲಿ ನಡೆದ ಒಂದು ಸಂಗತಿಯು ನಮಗೆ ಬೇರೊಂದು ಪಾಠವನ್ನು ಕಲಿಸಿತು. ಒಂದು ರಾತ್ರಿ ಶಿಲ್ಕಿನಲ್ಲಿ ೧,೮೦೦ ರೂಪಾಯಿ ಕಡಿಮೆ ಬಂದಿತು. ಅಂಗಡಿಯಲ್ಲಿ ಕೆಲಸಕ್ಕಿದ್ದವನು ಇಪ್ಪತ್ತೆರಡು ವರ್ಷದ ಬಡ ತರುಣ. ಮಧ್ಯಾಹ್ನ ಒಂದು ಗಂಟೆ ಪೆಟ್ಟಿಗೆಯು ಅವನ ವಶದಲ್ಲಿದ್ದಿತು. ಯಜಮಾನನ ಸಂಶಯವು ನೇರವಾಗಿ ಅವನ ಮೇಲೆ ಹೋಯಿತು. ಬೆಳಗಾದರೆ ಕೆಲಸದಿಂದ ಬಿಡಿಸುವುದೆಂದು ನಿಶ್ಚಯವಾಯಿತು. ಆ ಗೃಹಿಣಿಯು ತಡೆದರು. “ನಿನ್ನೆಯವರೆಗೆ ತಾಳೆಯಾಗಿದೆ, ಹೋದದ್ದು ಇವತ್ತಿನದೊಂದೇ. ಇವತ್ತು ಒಂದು ದಿನದಲ್ಲಿ ಏನೇನು ನಡೆಯಿತೆಂದು ಹುಡುಕೋಣ,” ಎಂದರು. ಮರುದಿನ ಬಟ್ಟೆ ಒಗೆಯಲು ತೆಗೆದಾಗ ಯಜಮಾನನ ಅಂಗಿಯ ಜೇಬಿನಲ್ಲಿ ಮಡಿಸಿದ ಚೀಟಿಯೊಂದು ಸಿಕ್ಕಿತು. ಹಿಂದಿನ ದಿನ ಬೆಳಗ್ಗೆ ಲಾರಿಯವನಿಗೆ ತಾನೇ ಕೈಯಾರೆ ಕೊಟ್ಟ ೧,೮೦೦ ರೂಪಾಯಿ ಬಾಡಿಗೆಯ ರಸೀದಿ! ಬರೆಯುವುದನ್ನು ಮರೆತವನು ಯಜಮಾನ. ಮಾನ ಕಳೆದುಕೊಳ್ಳಲಿದ್ದವನು ಆ ತರುಣ. ಲೆಕ್ಕವಿಲ್ಲದ ಅಂಗಡಿಯಲ್ಲಿ ಕಳ್ಳನಿಗೆ ಭಯವಿಲ್ಲ, ನಿರಪರಾಧಿಗೆ ರಕ್ಷಣೆಯಿಲ್ಲ. ಕೌಟಿಲ್ಯನು ಎಣಿಸಿದ ನಲವತ್ತು ಬಗೆಯ ಅಪಹಾರಗಳನ್ನು ಓದುವಾಗ ಹೊಳೆಯದಿದ್ದ ಈ ಮಾತು ಆ ಒಂದು ಚೀಟಿಯಿಂದ ನಮಗೆ ಹೊಳೆಯಿತು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಆರು ತಿಂಗಳ ಕ್ರಮವಾದ ಲೆಕ್ಕವನ್ನು ತೋರಿಸಿದಮೇಲೆ ಅವನಿಗೆ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಯಂತೆ ಎರಡು ಲಕ್ಷ ಸಾಲ ದೊರೆಯಿತು. ಅದರಿಂದ ಕೈಸಾಲವನ್ನು ತೀರಿಸಿದನು. ಮೊದಲು ತಿಂಗಳಿಗೆ ನಾಲ್ಕು ಸಾವಿರ ಬಡ್ಡಿ ಕೊಟ್ಟರೂ ಎರಡು ಲಕ್ಷ ಅಸಲು ಇದ್ದಂತೆಯೇ ಇರುತ್ತಿದ್ದಿತು. ಈಗ ಐದು ವರ್ಷಗಳ ಕಂತು ತಿಂಗಳಿಗೆ ಸುಮಾರು ೪,೪೫೦ ರೂಪಾಯಿ. ಅಸಲೂ ಬಡ್ಡಿಯೂ ಅದರಲ್ಲಿಯೇ ತೀರುವುವು. ನಾನೂರೈವತ್ತು ರೂಪಾಯಿ ಹೆಚ್ಚು ಕೊಟ್ಟು ಋಣಮುಕ್ತನಾಗುವ ದಾರಿಯು ಕಣ್ಣೆದುರಿಗೇ ಇದ್ದರೂ, ಲೆಕ್ಕವಿಲ್ಲದೆ ಅದು ಕಂಡಿರಲಿಲ್ಲ. ಮನೆಯ ಖರ್ಚನ್ನು ಹದಿನೇಳು ಸಾವಿರಕ್ಕೆ ಇಳಿಸಿದವರು ಆ ಗೃಹಿಣಿಯೇ. ಪ್ರತಿರಾತ್ರಿ ಊಟವಾದಮೇಲೆ ಕಿರ್ದಿ ಬರೆಯುವವರೂ ಅವರೇ. ಅವರು ಓದಿದುದು ಹತ್ತನೆಯ ತರಗತಿಯವರೆಗೆ. ಅದಕ್ಕೆ ಅಷ್ಟೇ ಸಾಕಾಯಿತು. ಮಾರದೆ ಕೂತಿದ್ದ ಸರಕನ್ನು ಕೊಂಡ ಬೆಲೆಗೇ 내ೆಲಬಿಟ್ಟು ಹೋಗುವಂತೆ ಮಾರಿ, ಹಳೆಯ ಉದ್ರಿಯನ್ನು ರುಜು ಹಾಕಿಸಿಕೊಂಡು ಕಂತುಕಂತಾಗಿ ವಸೂಲು ಮಾಡಿ, ಸಗಟು ವರ್ತಕರ ಬಾಕಿಯನ್ನು ಒಂದು ವರ್ಷದಲ್ಲಿ ತೀರಿಸಿದರು. ಅಂಗಡಿಯೇನೂ ಅರಮನೆಯಾಗಲಿಲ್ಲ. ತಣ್ಣನೆಯ ಪೆಟ್ಟಿಗೆ, ತಕ್ಕಡಿಗಳ ಸವಕಳಿಯನ್ನು ವರ್ಷವರ್ಷವೂ ಬೇರೆಯಾಗಿ ತೆಗೆದಿಡುವುದು ಇನ್ನೂ ಪೂರ್ತಿಯಾಗಿ ಅಭ್ಯಾಸವಾಗಿಲ್ಲ. ಆದರೆ ಮೂಟೆಗಳು ಇಳಿಯುತ್ತಿವೆ. ಆ ತರುಣನು ಅಲ್ಲಿಯೇ ಕೆಲಸದಲ್ಲಿರುವನು.

ಕಳೆದ ದೀಪಾವಳಿಯ ಲಕ್ಷ್ಮೀಪೂಜೆಗೆ ನಮ್ಮನ್ನು ಕರೆದಿದ್ದರು. ದೇವಿಯ ಮುಂದೆ ಮೂರು ಪುಸ್ತಕಗಳನ್ನು ಅರಿಸಿನ ಕುಂಕುಮ ಹಚ್ಚಿ ಇಟ್ಟಿದ್ದರು. ಶಿಷ್ಯನು ನಗುತ್ತ, “ಮೇಷ್ಟರೇ, ಸ್ತೋತ್ರ ಸಿದ್ಧವಾಗಿದೆ, ತಪ್ಪಿದ್ದರೆ ತಿದ್ದಬೇಕು,” ಎಂದು ಕಿರ್ದಿಯನ್ನು ನಮ್ಮ ಕೈಗೆ ಕೊಟ್ಟನು. ಪುಟ ತಿರುವಿ ನೋಡಿದೆವು. ಅಕ್ಷರಗಳು ದುಂಡಗಿದ್ದುವು, ಶಿಲ್ಕು ತಾಳೆಯಾಗಿದ್ದಿತು. ಅಟ್ಟದ ಮೇಲಿದ್ದ ಕಡತವೂ, ಅದನ್ನು ಅಲ್ಲಿಗೆ ಏರಿಸಿದವರೂ ನಮಗೆ ನೆನಪಾದರು. ವಾಚಕ ಗೃಹಸ್ಥರಲ್ಲಿ ಒಬ್ಬರಾದರೂ ಈ ರಾತ್ರಿ ಊಟಕ್ಕೆ ಮೊದಲು ಒಂದು ಪುಟ ಬರೆದರೆ, ಇಷ್ಟನ್ನು ಬರೆದ ನಮ್ಮ ಶ್ರಮವು ಸಾರ್ಥಕವು.